ಮರ ಹತ್ತಿದ ಮಂಜುಗಡ್ಡೆ

ತುರುವೇಕೆರೆ ಸೀಮೆಯ ದಬ್ಬೇಘಟ್ಟ ಹೋಬಳಿಯ ಹಳೆಯ ಮನೆಗಳಲ್ಲಿ ಅಟ್ಟವೇ ಬ್ಯಾಂಕು. ಬಲಿತ ತೆಂಗಿನಕಾಯನ್ನು ಸಿಪ್ಪೆಸಮೇತ ಅಲ್ಲಿಗೆ ಏರಿಸಿದ ಮೇಲೆ ಹತ್ತು ಹನ್ನೊಂದು ತಿಂಗಳು ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ. ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಕಾವು, ನಡುವೆ ಸುಮ್ಮನೆ ಕೂತ ಕಾಯಿ. ಒಳಗಿನ ನೀರು ತಾನಾಗಿ ಇಂಗುತ್ತಿತ್ತು. ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಕಿವಿಯ ಬಳಿ ಹಿಡಿದು ಅಲುಗಿಸಿದರೆ ಲೊಡಲೊಡ ಎನ್ನುತ್ತಿತ್ತು. ಆ ಸದ್ದು ಕೇಳಿದ ಮೇಲೆಯೇ ಸುಲಿದು, ಒಡೆದು, ಉಂಡೆ ಕೊಬ್ಬರಿಯನ್ನು ಮೂಟೆ ಕಟ್ಟಿ ತಿಪಟೂರಿನ ಮಾರುಕಟ್ಟೆಯ ದಾರಿ ಹಿಡಿಯುವುದು. ತಿರುಳಿನಿಂದ ನೀರನ್ನು ಬೇರ್ಪಡಿಸುವ ಈ ಕೆಲಸಕ್ಕೆ ಯಂತ್ರ ಬೇಕಿರಲಿಲ್ಲ, ವಿದ್ಯುತ್ತು ಬೇಕಿರಲಿಲ್ಲ. ಬೇಕಾಗಿದ್ದು ತಾಳ್ಮೆಯೊಂದೇ, ಅದು ಈ ಸೀಮೆಯಲ್ಲಿ ಧಾರಾಳವಾಗಿತ್ತು.

ಅದೇ ಮರದ ನೆತ್ತಿಯಲ್ಲಿ ಇನ್ನೊಂದು ಸರಕು ಇತ್ತು. ಅದು ಹನ್ನೊಂದು ತಿಂಗಳಿರಲಿ, ಹನ್ನೊಂದು ಗಂಟೆಯೂ ಕಾಯುತ್ತಿರಲಿಲ್ಲ.

ಇನ್ನೂ ಬಿರಿಯದ ಹೊಂಬಾಳೆಯನ್ನು ಬಿಗಿಯಾಗಿ ಸುತ್ತಿ ಕಟ್ಟಿ, ದಿನವೂ ಕೊಡತಿಯಿಂದ ಮೆತ್ತಗೆ ಬಡಿದು, ತುದಿಯನ್ನು ತೆಳ್ಳಗೆ ಕೊಯ್ಯುತ್ತಾ ಬಂದರೆ ವಾರ ಹತ್ತು ದಿನದಲ್ಲಿ ಅದು ಒಸರತೊಡಗುತ್ತಿತ್ತು. ಹೂವಿಗೆ, ಕಾಯಿಗೆ ಎಂದು ಮರ ಕಳಿಸಿದ ಸಿಹಿಯೆಲ್ಲ ತೊಟ್ಟುತೊಟ್ಟಾಗಿ ಮಡಕೆಗೆ ಬೀಳುತ್ತಿತ್ತು. ಒಂದೇ ಹೊಂಬಾಳೆ ತಿಂಗಳ ಮೇಲೆ ಹೀಗೆ ಸುರಿಸುತ್ತಿತ್ತು. ಕರಾವಳಿಯ ಮೂರ್ತೆದಾರರಿಗೂ ಬಯಲುಸೀಮೆಯ ಈಡಿಗರಿಗೂ ಈ ಬಡಿಯುವ ಹದ ತಲೆಮಾರುಗಳಿಂದ ಕೈಗೆ ಬಂದ ವಿದ್ಯೆ. ಜೋರಾಗಿ ಬಡಿದರೆ ಹೊಂಬಾಳೆ ಕೊಳೆಯುತ್ತಿತ್ತು. ಮೆಲ್ಲಗೆ ಬಡಿದರೆ ಒಸರುತ್ತಿರಲಿಲ್ಲ. ಆ ರಸಕ್ಕೆ ಬೆಳಗಿನ ಜಾವ ನೀರಾ ಎಂದು ಹೆಸರು. ಹೊತ್ತೇರಿದಂತೆ ಅದು ಹುಳಿಯಾಗಿ, ನೊರೆ ಎದ್ದು, ಮಧ್ಯಾಹ್ನದೊಳಗೆ ಹೆಂಡವಾಗಿಬಿಡುತ್ತಿತ್ತು. ಮಕ್ಕಳಿಗೆ ಕುಡಿಸುವ ಪಾನೀಯಕ್ಕೂ ಅಬಕಾರಿ ಇಲಾಖೆ ಹಿಡಿಯುವ ಮದ್ಯಕ್ಕೂ ನಡುವೆ ಇದ್ದ ಗಡಿ ಗಡಿಯಾರದ ಮುಳ್ಳಿನಷ್ಟು ಸಪೂರ. ಕಾನೂನು ಆ ಮುಳ್ಳನ್ನು ನಂಬಲಿಲ್ಲ. ನೀರಾ ಇಳಿಸುವುದಕ್ಕೂ ಅಬಕಾರಿ ಪರವಾನಗಿಯ ಬೇಲಿ ಬಿತ್ತು.

ಈ ಬೇಲಿ ರೈತರ ಕಣ್ಣಿಗೆ ಚುಚ್ಚಿದ್ದು 1998ರ ನಂತರ. ಆ ವರ್ಷ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಮೊದಲು ಕಾಣಿಸಿಕೊಂಡ ನುಸಿ ಬಲುಬೇಗ ಕರ್ನಾಟಕದ ತೋಟಗಳಿಗೂ ಬಂತು. ಕಣ್ಣಿಗೂ ಕಾಣದ ಈ ನುಸಿ ಹರಳು ಎಂದು ಕರೆಯುವ ಎಳೆ ಮಿಡಿಯ ತೊಟ್ಟಿನ ಅಡಿಯಲ್ಲಿ ಸೇರಿಕೊಂಡು ರಸ ಹೀರುತ್ತಿತ್ತು. ಸಿಪ್ಪೆ ಕಂದುಗಟ್ಟಿ ಬಿರಿಯಿತು, ಕಾಯಿ ಕುಗ್ಗಿತು, ಅಟ್ಟ ಬರಿದಾಯಿತು. ಹರಳು ಕಟ್ಟುವ ಮೊದಲೇ ಹೊಂಬಾಳೆಯ ರಸ ಇಳಿಸಿಕೊಂಡರೆ ನುಸಿಗೆ ಮನೆಯೇ ಸಿಗುವುದಿಲ್ಲವಲ್ಲ ಎಂಬ ರೈತರ ವಾದದಲ್ಲಿ ಹುರುಳಿತ್ತು. ನೀರಾ ಇಳಿಸಲು ಬಿಡಿ ಎಂಬ ಚಳವಳಿ ಎದ್ದಿತು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಅದು ಗೋಲಿಬಾರಿನವರೆಗೂ ಹೋಗಿ ರೈತರು ಪ್ರಾಣ ಕಳೆದುಕೊಂಡರು. ಒಂದು ಮಡಕೆ ರಸ ಎಷ್ಟು ಗಂಟೆ ಸಿಹಿಯಾಗಿ ಉಳಿದೀತು ಎಂಬುದು ಪ್ರಯೋಗಶಾಲೆಯ ಪ್ರಶ್ನೆ. ಅದಕ್ಕೆ ಉತ್ತರ ಸಿಗದೆ ಹೋದದ್ದರ ಬೆಲೆ ಬೀದಿಯಲ್ಲಿ ತೆರಬೇಕಾಯಿತು.

ಉತ್ತರ ಹುಡುಕಿದವರು ಇರಲಿಲ್ಲವೆಂದಲ್ಲ. ಎಲ್ಲಕ್ಕಿಂತ ಹಳೆಯ ಉಪಾಯ ಸುಣ್ಣ. ಮಡಕೆಯ ಒಳಮೈಗೆ ಸುಣ್ಣ ಬಳಿದು ಕಟ್ಟಿದರೆ ರಸ ಕ್ಷಾರವಾಗಿ ಉಳಿದು ಹುಳಿಯುವುದು ತಡವಾಗುತ್ತಿತ್ತು. ಆದರೆ ಸುಣ್ಣ ಕಡಿಮೆಯಾದರೆ ಹೆಂಡ, ಹೆಚ್ಚಾದರೆ ಬಾಯಿ ಬೆಂದ ಎಲೆಯಡಿಕೆಯ ಅನುಭವ. ಸರಿಯಾದ ಪ್ರಮಾಣ ಬಳಿದರೂ ಆಮೇಲೆ ಆ ಸುಣ್ಣವನ್ನು ರಸದಿಂದ ತಳಕ್ಕಿಳಿಸಿ ಸೋಸುವ ಪಾಡು ಬೇರೆ. ಇನ್ನೊಂದು ಉಪಾಯ ಓಟ: ಮುಂಬಯಿಯ ರೈಲು ನಿಲ್ದಾಣಗಳ ನೀರಾ ಕೇಂದ್ರಗಳು ಬೆಳಗಿನ ಹೊತ್ತಿನಲ್ಲೇ ಸರಕು ಖಾಲಿ ಮಾಡಿಕೊಳ್ಳುತ್ತಿದ್ದವು. ಮೂರನೆಯದು ಬಿಸಿ. 1950ರಲ್ಲಿ ಶುರುವಾದ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ, ನೀರಾವನ್ನು ಸೋಸಿ, ಕಾಯಿಸಿ, ಬಾಟಲಿಯಲ್ಲಿ ಕೆಡದಂತೆ ಇಡುವ ವಿಧಾನ ರೂಪಿಸಿತು. ಬಾಟಲಿಗೆ ಹೋದ ಮೇಲೆ ರಸ ಕೆಡಲಿಲ್ಲ, ನಿಜ. ಆದರೆ ಬಾಟಲಿಗೆ ಬರುವ ಹೊತ್ತಿಗೆ ಅದು ಎಷ್ಟು ಕೆಟ್ಟಿತ್ತು? ಹುಳಿವಾಸನೆ ಅಂಟಿದ ರಸವನ್ನು ಕಾಯಿಸಿದರೆ ಹುಳಿವಾಸನೆಯ ಬಿಸಿರಸ ಸಿಗುತ್ತಿತ್ತು. ಒಡೆದ ಹಾಲನ್ನು ಎಷ್ಟು ಕಾಯಿಸಿದರೂ ಹಾಲಾಗುವುದುಂಟೆ!

ರಸ ಕೆಡುವುದು ಏಕೆ ಎಂಬ ಪತ್ತೇದಾರಿಕೆ ಇದಕ್ಕೂ ಬಹಳ ಹಿಂದೆ, ದೂರದ ಫ್ರಾನ್ಸಿನಲ್ಲಿ ನಡೆದಿತ್ತು. 1856ರಲ್ಲಿ ಲೀಲ್ ನಗರದಲ್ಲಿ ಬಿಗೋ ಎಂಬ ಉದ್ಯಮಿಯ ಬೀಟ್ ಸಾರಾಯಿ ಭಟ್ಟಿಯ ಕೆಲವು ತೊಟ್ಟಿಗಳು ಕಾರಣವಿಲ್ಲದೆ ಹುಳಿಯತೊಡಗಿದವು. ಅವನ ಮಗ ಓದುತ್ತಿದ್ದದ್ದು ಲೂಯಿ ಪ್ಯಾಸ್ಚರ್ ಎಂಬ ರಸಾಯನಶಾಸ್ತ್ರದ ಮೇಷ್ಟರ ಬಳಿ. ಮೇಷ್ಟರು ಸೂಕ್ಷ್ಮದರ್ಶಕ ಹಿಡಿದು ನೋಡಿದಾಗ ಚೆನ್ನಾಗಿದ್ದ ತೊಟ್ಟಿಯಲ್ಲಿ ದುಂಡಗಿನ ಯೀಸ್ಟ್ ಕಣಗಳು ಕಂಡವು. ಹುಳಿತ ತೊಟ್ಟಿಯಲ್ಲಿ ಅವಕ್ಕಿಂತ ಚಿಕ್ಕ ಕಡ್ಡಿಯಾಕಾರದ ಜೀವಿಗಳು ತುಂಬಿಕೊಂಡಿದ್ದವು. ಹುದುಗುವುದು ಕೊಳೆಯುವುದಲ್ಲ, ಬದುಕುವುದು ಎಂದು ಮರುವರ್ಷವೇ ಅವರು ವಾದ ಹೂಡಿದರು.

ಅದರ ಮೇಲೊಂದು ತಮಾಷೆ 1897ರಲ್ಲಿ ಜರ್ಮನಿಯಲ್ಲಾಯಿತು. ಎಡ್ವರ್ಡ್ ಬುಕ್ನರ್ ಮತ್ತು ಅವರ ಅಣ್ಣ ಹಾನ್ಸ್ ಔಷಧಿಯ ಪ್ರಯೋಗಕ್ಕೆಂದು ಯೀಸ್ಟನ್ನು ಮರಳಿನ ಜೊತೆ ಅರೆದು ಹಿಂಡಿ ರಸ ತೆಗೆಯುತ್ತಿದ್ದರು. ಆ ರಸ ಬೇಗ ಕೆಡುತ್ತಿತ್ತು. ಉಪ್ಪಿನಕಾಯಿಗೆ ಉಪ್ಪು ಹಾಕುವ ಹಾಗೆ, ಹಣ್ಣಿನ ಮುರಬ್ಬಕ್ಕೆ ಸಕ್ಕರೆ ಹಾಕುವ ಹಾಗೆ, ಕೆಡದಿರಲಿ ಎಂದು ಅದಕ್ಕೆ ದಂಡಿಯಾಗಿ ಸಕ್ಕರೆ ಸುರಿದರು. ರಸ ಬುರಬುರನೆ ನೊರೆಯತೊಡಗಿತು! ಒಂದೂ ಜೀವಂತ ಯೀಸ್ಟ್ ಇಲ್ಲದ ದ್ರವ ಸಕ್ಕರೆಯನ್ನು ಮದ್ಯ ಮಾಡುತ್ತಿತ್ತು. ಜೀವ ಹೋದ ಮೇಲೂ ಅದರ ಕೆಲಸದಾಳುಗಳು, ಅಂದರೆ ಕಿಣ್ವಗಳು, ದುಡಿಯುತ್ತಲೇ ಇದ್ದವು. ಆ ನೊರೆಗೆ 1907ರ ನೊಬೆಲ್ ಬಹುಮಾನ ಬಂತು. ನೀರಾದವರಿಗೆ ಇದರಲ್ಲಿ ಒಂದು ಕೆಟ್ಟ ಸುದ್ದಿಯೂ ಅಡಗಿತ್ತು: ತಡವಾಗಿ ಜರಡಿ ಹಿಡಿದು ಯೀಸ್ಟನ್ನೆಲ್ಲ ಸೋಸಿದರೂ ಅದು ಬಿಟ್ಟುಹೋದ ಕಿಣ್ವ ರಸದಲ್ಲೇ ಉಳಿದು ಸಕ್ಕರೆಯನ್ನು ಮುರಿಯುತ್ತಾ ಕೂತೀತು.

ಕತೆ ಮತ್ತೆ ತೆಂಗಿನ ನಾಡಿಗೆ ಮರಳಿದ್ದು ಕಾಸರಗೋಡಿನಲ್ಲಿ. ಆ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಲ್ಲೇ, 1916ರಲ್ಲಿ, ಮದ್ರಾಸ್ ಸರ್ಕಾರ ಅಲ್ಲೊಂದು ತೆಂಗು ಸಂಶೋಧನಾ ಕೇಂದ್ರ ತೆರೆದಿತ್ತು. 1970ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ, ಆಯಿತು. 2010ರ ನಂತರದ ವರ್ಷಗಳಲ್ಲಿ ನೀರಾದ ಬೆನ್ನು ಹತ್ತಿದ ಅಲ್ಲಿನ ತಂಡದಲ್ಲಿ ಮುಂದಾಳು ಕೆ. ಬಿ. ಹೆಬ್ಬಾರ್. ಅವರು ಸಸ್ಯಶರೀರಶಾಸ್ತ್ರದವರು, ಗಿಡ ಹೇಗೆ ಉಸಿರಾಡುತ್ತದೆ, ಸಿಹಿಯನ್ನು ಎಲ್ಲಿಂದೆಲ್ಲಿಗೆ ಸಾಗಿಸುತ್ತದೆ ಎಂದು ನೋಡುವವರು. ಜೊತೆಗೆ ಎ. ಸಿ. ಮ್ಯಾಥ್ಯೂ, ಎಂ. ಆರ್. ಮಣಿಕಂಠನ್, ಎಂ. ಅರಿವಳಗನ್ ಮೊದಲಾದವರಿದ್ದರು. ಸುಣ್ಣ ಬಳಿದವರನ್ನು ಬಿಟ್ಟರೆ ಹಿಂದಿನವರೆಲ್ಲ ನೋಡಿದ್ದು ಮಡಕೆ ನೆಲಕ್ಕಿಳಿದ ಮೇಲಿನ ರಸವನ್ನು. ಗಿಡವನ್ನು ಬಲ್ಲ ಕಣ್ಣು ಕತ್ತೆತ್ತಿ ನೋಡಿತು. ರಸ ಕೆಡುತ್ತಿದ್ದದ್ದು ಬಾಟಲಿಯಲ್ಲೂ ಅಲ್ಲ, ಲಾರಿಯಲ್ಲೂ ಅಲ್ಲ, ಅರವತ್ತು ಎಪ್ಪತ್ತು ಅಡಿ ಎತ್ತರದಲ್ಲಿ, ಯಾರೂ ನೋಡದ ರಾತ್ರಿಯಲ್ಲಿ.

ಲೆಕ್ಕ ಹಾಕಿದರೆ ಮೈ ಜುಮ್ಮೆನ್ನುತ್ತಿತ್ತು. ಹನ್ನೆರಡು ಗಂಟೆಯಲ್ಲಿ ಎರಡು ಲೀಟರ್ ಸುರಿಯುವ ಹೊಂಬಾಳೆಯಿಂದ ನಿಮಿಷಕ್ಕೆ ಬೀಳುವುದು ಮೂರು ಮಿಲಿಲೀಟರಿಗೂ ಕಡಿಮೆ. ಸಂಜೆ ಆರಕ್ಕೆ ಬಿದ್ದ ಮೊದಲ ಹನಿ ಬೆಳಗಿನ ಆರರವರೆಗೆ ಆ ಬೆಚ್ಚನೆಯ ಮಡಕೆಯಲ್ಲೇ ಕಾಯಬೇಕು. ಅದರಲ್ಲಿ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲ ಒಂದೇ ಒಂದು ಬ್ಯಾಕ್ಟೀರಿಯ ಇದ್ದು, ತಡೆಯೇ ಇಲ್ಲದೆ ಬೆಳೆದರೆ, ಬೆಳಗಾಗುವಷ್ಟರಲ್ಲಿ ಅದರ ಸಂತಾನ 1 ಕೋಟಿ 67 ಲಕ್ಷ ದಾಟುತ್ತದೆ. ಆ ಮೇಲೆ ಬಿದ್ದ ಒಂದೊಂದು ಹನಿಯೂ ಬೀಳುತ್ತಿದ್ದದ್ದು ಈ ಜಾತ್ರೆಯ ಮಧ್ಯಕ್ಕೆ. ಜೊತೆಗೆ ಮಡಕೆ ಹೊಸದಲ್ಲ. ನಿನ್ನೆಯ, ಮೊನ್ನೆಯ ಯೀಸ್ಟು ಅದರ ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಸಂಸಾರ ಹೂಡಿತ್ತು. ಮಜ್ಜಿಗೆ ಗಡಿಗೆಯನ್ನು ತೊಳೆಯದೆ ಅದಕ್ಕೇ ಹಾಲು ಕರೆದ ಹಾಗೆ, ಹೆಪ್ಪು ಮೊದಲೇ ಸಿದ್ಧ. ರಾಸಾಯನಿಕ ಎಂಜಿನಿಯರುಗಳು ಕೋಟಿಗಟ್ಟಲೆ ಸುರಿದು ಕಟ್ಟುವ ರಿಯಾಕ್ಟರನ್ನು ಈಡಿಗರು ಮಣ್ಣಿನಲ್ಲಿ ಮಾಡಿ ಮರಕ್ಕೆ ಕಟ್ಟಿದ್ದರು. ಹೆಂಡಕ್ಕಾದರೆ ಅದರಷ್ಟು ಚೆಂದದ ರಿಯಾಕ್ಟರ್ ಇನ್ನೊಂದಿಲ್ಲ. ಹೆಂಡ ಬೇಡವೆನ್ನುವವರಿಗೆ ಮಾತ್ರ ಅದು ಶತ್ರು.

ಹಾಗಾದರೆ ರಿಯಾಕ್ಟರನ್ನೇ ತಣ್ಣಗೆ ಮಾಡಬೇಕು, ಅದೂ ಮರದ ಮೇಲೆಯೇ. ಹೇಳಲು ಎಷ್ಟು ಸುಲಭ! ಅಂಗಡಿಯಲ್ಲಿ ಸಿಗುವ ಐಸ್ ಪೆಟ್ಟಿಗೆಯನ್ನು ಮರಕ್ಕೆ ಏರಿಸಿ ನೋಡಿದರೆ ತೊಡಕುಗಳು ಒಂದರ ಹಿಂದೊಂದು ಎದ್ದವು. ಅದು ಭಾರ, ಕಾಲಿಗೆ ತಳೆ ಹಾಕಿಕೊಂಡು ಏರುವವರಿಗೆ ಒಂದೊಂದು ಕಿಲೋನೂ ಲೆಕ್ಕ. ಚೌಕದ ಪೆಟ್ಟಿಗೆ ಬಾಗಿದ ಹೊಂಬಾಳೆಗೆ ಹೊಂದಿ ಕೂರುತ್ತಿರಲಿಲ್ಲ. ಐಸು ಹೆಚ್ಚು ಬೇಡುತ್ತಿತ್ತು, ಬೇಗ ಕರಗುತ್ತಿತ್ತು. ಕರಗಿದ ನೀರು ರಸಕ್ಕೆ ಸೇರಿಬಿಟ್ಟರೆ ಪಟ್ಟ ಪಾಡೆಲ್ಲ ನೀರುಪಾಲು.

ಇಲ್ಲಿ ಐಸಿನ ಲೆಕ್ಕವೇ ದಾರಿ ತೋರಿಸುವಂತಿತ್ತು. ಎರಡು ಲೀಟರ್ ರಸವನ್ನು 30 ಡಿಗ್ರಿಯಿಂದ 3 ಡಿಗ್ರಿಗೆ ಇಳಿಸಲು ಮುಕ್ಕಾಲು ಕಿಲೋ ಐಸು ಸಾಕು. ಅದಕ್ಕಿಂತ ಹೆಚ್ಚಿಗೆ ಕರಗಿದ್ದೆಲ್ಲ ರಸವನ್ನು ತಣಿಸಲು ಕರಗಿದ್ದಲ್ಲ. ಕಾಸರಗೋಡಿನ ಬಿಸಿಲನ್ನೂ ಕಡಲಿನ ಸೆಕೆಯನ್ನೂ ತಣಿಸಲು ಹೋಗಿ ಕರಗಿದ್ದು. ಐಸು ಹೆಚ್ಚು ಹೊರಿಸುವುದರ ಬದಲು ಬಿಸಿಗೆ ಬಾಗಿಲು ಹಾಕಬೇಕಿತ್ತು.

ಕೊನೆಗೆ ಸಿದ್ಧವಾದ ಸಾಧನ ನೋಡಿದರೆ ಇದಕ್ಕೋಸ್ಕರವೇ ಇಷ್ಟು ಒದ್ದಾಟವೇ ಎನಿಸುವಷ್ಟು ಸಾದಾ. ಒಂದು ಟೊಳ್ಳು ಪಿವಿಸಿ ಕೊಳವೆ. ಅದರ ಒಂದು ತುದಿಯನ್ನು ಪೆಟ್ಟಿಗೆಯ ಆಕಾರಕ್ಕೆ ಹಿಗ್ಗಿಸಿ, ಅದರೊಳಗೆ ರಸ ಹಿಡಿಯುವ ಎರಡು ಮೂರು ಲೀಟರಿನ ಡಬ್ಬಿ, ಡಬ್ಬಿಯ ಸುತ್ತ ಐಸು. ಡಬ್ಬಿಯನ್ನು ಹಾಕಿ ತೆಗೆಯುವಷ್ಟು ಅಗಲ ಇನ್ನೊಂದು ತುದಿಗೆ. ಹೊಂಬಾಳೆ ಕೂರುವ ಜಾಗ ಬಿಟ್ಟು ಉಳಿದ ಮೈಗೆಲ್ಲ ಶಾಖ ತಡೆಯುವ ಕವಚ, ಮಗುವಿಗೆ ಕುಲಾವಿ ಹೊದೆಸಿದ ಹಾಗೆ. ಹಗುರ, ನೀರು ಒಳಸೇರದ್ದು, ಮಾರುಕಟ್ಟೆಯ ಪೆಟ್ಟಿಗೆಗಿಂತ ಕಡಿಮೆ ಐಸಿನಲ್ಲಿ ಹೆಚ್ಚು ಹೊತ್ತು ತಣ್ಣಗಿರುವುದು. ಅದಕ್ಕೆ ಕೋಕೋ ಸ್ಯಾಪ್ ಚಿಲ್ಲರ್ ಎಂದು ಹೆಸರಿಟ್ಟರು. ಮುಚ್ಚಿದ ಕೊಳವೆಯಾದ್ದರಿಂದ ಇರುವೆ, ಜೇನ್ನೊಣ, ಹೂವಿನ ಪುಡಿ, ಧೂಳು ಯಾವುದಕ್ಕೂ ಒಳಗೆ ಪ್ರವೇಶವಿರಲಿಲ್ಲ. ಮಡಕೆಯಲ್ಲಿ ಬೆಳಗಿನ ಹೊತ್ತಿಗೆ ತೇಲುತ್ತಿದ್ದ ನೊಣ, ಇರುವೆಗಳನ್ನು ನೆನೆಸಿಕೊಂಡರೆ ಇದೂ ಸಣ್ಣ ಲಾಭವಲ್ಲ.

ಬೆಳಗ್ಗೆ ಇಳಿದು ಬಂದ ರಸವೇ ಈ ಕತೆಯ ನಿಜವಾದ ಅಚ್ಚರಿ. ನೀರಾ ಎಂದರೆ ಹಾಲುಬಿಳುಪಿನ, ಕೊಂಚ ಮಬ್ಬಾದ, ಮೂಗಿಗೆ ಅಷ್ಟಿಷ್ಟು ಘಾಟು ಬಡಿಯುವ ದ್ರವ ಎಂದೇ ಕುಡಿದವರೂ ಇಳಿಸಿದವರೂ ತಿಳಿದಿದ್ದರು. ಚಿಲ್ಲರಿನ ಡಬ್ಬಿಯಲ್ಲಿದ್ದ ರಸ ಜೇನಿನ ಬಣ್ಣಕ್ಕಿತ್ತು! ಘಾಟಿಲ್ಲ, ಹುಳಿಯಿಲ್ಲ. ಆಮ್ಲತೆ ಅಳೆದರೆ ಪಿಎಚ್ 7ರಿಂದ 8ರ ನಡುವೆ. ಹಳೆಯ ಮಡಕೆಯ ನೀರಾ 6ಕ್ಕೋ ಅದಕ್ಕಿಂತ ಕೆಳಕ್ಕೋ ಜಾರಿರುತ್ತಿತ್ತು. ತಲೆತಲಾಂತರದಿಂದ ಜನ ನೀರಾದ ಬಣ್ಣ ಎಂದುಕೊಂಡಿದ್ದ ಆ ಬಿಳುಪು ತೆಂಗಿನದಾಗಿರಲಿಲ್ಲ. ಅದು ಕೋಟಿ ಕೋಟಿ ಸೂಕ್ಷ್ಮಜೀವಿಗಳ ಮೋಡ. ತಾಜಾ ಎಂದು ಬೆಳಗಿನ ಜಾವ ಕುಡಿದದ್ದೂ ಅರ್ಧ ದಾರಿ ಹೆಂಡವಾಗಿದ್ದ ರಸವನ್ನೇ. ಮರದೊಳಗೆ ಇದ್ದ ಹಾಗೆಯೇ ಇರುವ ತೆಂಗಿನ ರಸವನ್ನು ಚಿಲ್ಲರ್ ಲೋಟಕ್ಕೆ ತಂದಿತ್ತು. ಹಳೆಯ ಹೆಸರು ಇದಕ್ಕೆ ಒಗ್ಗಲಿಲ್ಲ. ಕಲ್ಪವೃಕ್ಷದ ರಸ, ಕಲ್ಪರಸ ಎಂದು ಕರೆದರು.

ಹುದುಗುವುದನ್ನು ನಿಲ್ಲಿಸಿದ್ದಾಯಿತು, ಬೇರ್ಪಡಿಸುವುದು ಉಳಿದಿತ್ತು. ನೂರು ಕಿಲೋ ರಸದಲ್ಲಿ ಕರಗಿದ ಘನ 15ರಿಂದ 18 ಕಿಲೋ, ಅದರಲ್ಲಿ ಬಹುಪಾಲು ಕಬ್ಬಿನಲ್ಲಿರುವಂಥದೇ ಸುಕ್ರೋಸ್. ಉಳಿದ ಎಂಬತ್ತೂ ಚಿಲ್ಲರೆ ಕಿಲೋ ನೀರನ್ನು ಓಡಿಸಿದರೆ ಸಕ್ಕರೆ ಸಿಗಬೇಕು. ಹಿಂದೆ ಹೆಂಡದ ಮಡಕೆಯ ರಸವನ್ನು ಬತ್ತಿಸಿದವರಿಗೆ ಹಲವು ಸಲ ಸಿಕ್ಕಿದ್ದು ಎಷ್ಟು ತಿರುವಿದರೂ ಹರಳುಗಟ್ಟದ ಅಂಟಂಟು ಪಾಕ. ತಪ್ಪು ಒಲೆಯದಾಗಿರಲಿಲ್ಲ. ಯೀಸ್ಟಿನ ಇನ್ವರ್ಟೇಸ್ ಎಂಬ ಕಿಣ್ವ ಸುಕ್ರೋಸನ್ನು ಮೊದಲೇ ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡು ಹೋಳು ಮಾಡಿರುತ್ತಿತ್ತು. ಆ ಹೋಳುಗಳು ಗಾಳಿಯ ತೇವವನ್ನು ಎಳೆದುಕೊಂಡು ಅಂಟಾಗುತ್ತವೆಯೇ ಹೊರತು ಹರಳಾಗಲು ಒಲ್ಲವು. ಆಲೆಮನೆಯವರು ಹಳಸಿದ ಕಬ್ಬಿನ ಹಾಲಿನಿಂದ ಅಚ್ಚುಬೆಲ್ಲ ಕೂರುವುದಿಲ್ಲ ಎನ್ನುತ್ತಿದ್ದದ್ದೂ ಇದನ್ನೇ.

ಕಲ್ಪರಸದಲ್ಲಿ ಸುಕ್ರೋಸ್ ಇಡಿಯಾಗಿ ಉಳಿದಿತ್ತು. ಆದರೆ ನೀರು ಓಡಿಸುವುದೇನು ಪುಕ್ಕಟೆಯೇ? ರಸವನ್ನು ಕುದಿಯುವ ಮಟ್ಟಕ್ಕೆ ತರುವ ಶಾಖದ ಹಲವು ಪಾಲು, ಕುದಿಸಿ ಆವಿ ಮಾಡುವುದಕ್ಕೇ ಬೇಕಾಗುತ್ತಿತ್ತು. ಉರಿ ಜೋರಾದರೆ ತಳ ಹಿಡಿದು ಸೀದು, ಕಮ್ಮಗಿನ ಕಂದು ಕಹಿಯಾಗುತ್ತಿತ್ತು. ಆದ್ದರಿಂದ ಎರಡು ಗೋಡೆಯ ಪಾತ್ರೆ ಬಂತು. ಗೋಡೆಗಳ ನಡುವಿನ ಎಣ್ಣೆ ಕಾದು, ಬಿಸಿಯನ್ನು ಎಲ್ಲ ಕಡೆಗೂ ಸಮವಾಗಿ ಹಂಚುತ್ತಿತ್ತು. ರಸ ನೊರೆಯಿತು, ದಪ್ಪಗಾಯಿತು, ಪಾಕವಾಯಿತು. ಕೆಳಗಿಳಿಸಿ ಬಿಡದೆ ತಿರುವುತ್ತಾ ಆರಿಸಿದಾಗ ಅಷ್ಟು ಹೊತ್ತು ಕೈ ಬಿಡದ ಪಾಕ ಇದ್ದಕ್ಕಿದ್ದಂತೆ ಒಣಗಿ, ಸೌಟಿನಡಿ ಮರಳಿನಂತೆ ಉದುರಿತು. ಕಂದು ಬಣ್ಣದ ತೆಂಗಿನ ಸಕ್ಕರೆ. 2015ರಲ್ಲಿ ಹೆಬ್ಬಾರ್ ಮತ್ತು ಸಂಗಡಿಗರು ರಸ ಹಿಡಿಯುವುದರಿಂದ ಸಕ್ಕರೆಯ ಮಾರುಕಟ್ಟೆಯವರೆಗಿನ ಇಡೀ ಕತೆಯನ್ನು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು.

ಇಷ್ಟೆಲ್ಲದರ ಹಿಂದಿನ ಗುಟ್ಟು ಸಣ್ಣದು. ರಾಸಾಯನಿಕ ಕ್ರಿಯೆಯ ವೇಗ ಶಾಖದ ಕೈಯಲ್ಲಿದೆ ಎಂದು ಸ್ವೀಡನ್ನಿನ ಸ್ವಾಂಟೆ ಅರೀನಿಯಸ್ 1889ರಲ್ಲೇ ಸೂತ್ರ ಬರೆದಿಟ್ಟಿದ್ದರು. ಅಣುಗಳು ಒಂದು ದಿಬ್ಬ ಏರಿದರೆ ಮಾತ್ರ ಕ್ರಿಯೆ ನಡೆಯುತ್ತದೆ. ತಣ್ಣಗಾದಷ್ಟೂ ದಿಬ್ಬ ಏರಬಲ್ಲವು ವಿರಳ. ಹತ್ತು ಡಿಗ್ರಿ ಇಳಿದಾಗಲೆಲ್ಲ ವೇಗ ಸುಮಾರು ಅರ್ಧಕ್ಕೆ ಬಿದ್ದರೂ 30ರಿಂದ 3ಕ್ಕೆ ಇಳಿಯುವುದರೊಳಗೆ ಅದು ಆರನೆಯ ಒಂದಕ್ಕಿಂತ ಕಡಿಮೆ. ಜೀವಿಗಳ ವಿಷಯದಲ್ಲಿ ಏಟು ಇನ್ನೂ ಬಲವಾದದ್ದು. ಅವು ಇಮ್ಮಡಿಯಾಗುವುದೇ ಹೆಚ್ಚುಕಡಿಮೆ ನಿಂತುಹೋಗುತ್ತದೆ, ಒಂದು ಕೋಟಿಯ ಬದಲು ಒಂದು ಒಂದಾಗಿಯೇ ಉಳಿಯುತ್ತದೆ. ಮರದೊಳಗಿನ ರಸ ಮೊದಲೇ ಶುದ್ಧ. ಕೊಳವೆ ಹೊರಗಿನವರನ್ನು ತಡೆಯಿತು, ಐಸು ನುಸುಳಿದವರನ್ನು ನಿದ್ದೆಗೆ ಕೆಡವಿತು. ಹನಿಹನಿಯಾಗಿ ನಿಧಾನ ಬೀಳುವುದು ಮಡಕೆಯಲ್ಲಿ ಶಾಪವಾಗಿತ್ತು. ಚಿಲ್ಲರಿನಲ್ಲಿ ಅದೇ ವರ, ಒಂದೊಂದು ಹನಿಯೂ ಬಿದ್ದ ತಕ್ಷಣ ತಣ್ಣಗಾಗುತ್ತಿತ್ತು.

ಕರ್ನಾಟಕದಲ್ಲೂ ಮುಂದೆ ತೆಂಗು ಬೆಳೆಗಾರರ ಕಂಪನಿಗಳಿಗೆ ನೀರಾ ಇಳಿಸುವ ದಾರಿ ತೆರೆಯಿತು. ಆದರೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದವರ ಮುಂದೆ ಹೊಸದೊಂದು ಲೆಕ್ಕ ಬಂದು ಕೂತಿತು. ಮೀನಿನ ಪೇಟೆಗಳ ಕರಾವಳಿಯಲ್ಲಿ ಐಸಿಗೆ ಬರವಿರಲಿಲ್ಲ. ದಬ್ಬೇಘಟ್ಟದ ತೋಟಕ್ಕೆ ದಿನಕ್ಕೆರಡು ಹೊತ್ತು ಐಸು ಎಲ್ಲಿಂದ ತರುವುದು? ಕಾಯಿ ಕೀಳುವವರೇ ಸಿಗದ ಕಾಲದಲ್ಲಿ, ತಿಂಗಳುಗಟ್ಟಲೆ ದಿನವೂ ಮರ ಹತ್ತಿ ಹೊಂಬಾಳೆ ಬಡಿಯುವವರು ಯಾರು? ಯಾರೋ ಜಮೆ ಖರ್ಚು ಬರೆದರು, ಯಾರೋ ಅಳಿಸಿದರು. ಅಟ್ಟದ ಮೇಲಿನ ಕಾಯಿ ಮಾತ್ರ ಯಾರ ಐಸನ್ನೂ ಕೇಳದೆ ತನ್ನ ಪಾಡಿಗೆ ತಾನು ಒಣಗುತ್ತಿತ್ತು.